ಪಾಡ್ಯದ ದಿನ ಉಕ್ಕಿದ ಹಾಲು

ಮಾತಿನಲ್ಲಿ ನಮ್ಮವರನ್ನು ಮೀರಿಸುವವರು ಆಗ ಬೆಳಗಾವಿಯ ಶಹಾಪುರದಲ್ಲೇ ಯಾರೂ ಇರಲಿಲ್ಲ. ಬಸವ ಜಯಂತಿ ಬಂತೆಂದರೆ ನಮ್ಮ ಗಲ್ಲಿಯ ವೇದಿಕೆಯ ಮೇಲೆ ಗುರುಪುತ್ರಪ್ಪನವರ ಭಾಷಣ ಇರಲೇಬೇಕು. ಹಣೆಯ ತುಂಬ ವಿಭೂತಿ, ಬೆಳ್ಳಗಿನ ಧೋತರ. ಜಾತಿಯನ್ನು ಬೇರುಸಹಿತ ಕೀಳಬೇಕು ಎಂದು ಅವರು ಕೈ ಎತ್ತಿದರೆ ಮುಂದಿನ ಸಾಲಿನ ಮುದುಕರೂ ಚಪ್ಪಾಳೆ ತಟ್ಟುತ್ತಿದ್ದರು. ಆ ಧೋತರ ಒಗೆದು ನೀಲಿ ಹಾಕುತ್ತಿದ್ದವಳು ನಾನು. ಚಪ್ಪಾಳೆ ತಟ್ಟುವವರಲ್ಲಿಯೂ ನಾನೇ ಮುಂದೆ.

ನಾನು ಕಾಂತಾ. ತವರು ಖಾನಾಪುರ. ಮದುವೆಯಾಗಿ ಬೆಳಗಾವಿಗೆ ಬಂದು ಇಲ್ಲಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಪೌರನೀತಿ ಕಲಿಸುತ್ತಿದ್ದೆ. ಎಪ್ಪತ್ತೊಂಬತ್ತನೇ ಇಸವಿ, ದೀಪಾವಳಿಯ ರಜೆಗೆ ಮುಂಚಿನ ಮಾತು. ನಾಗರಿಕ ಹಕ್ಕುಗಳ ಪಾಠ ಬಂತು. ಜಾತಿಯ ಕಾರಣಕ್ಕೆ ಯಾರಿಗೂ ವಾಸಕ್ಕೆ ಮನೆ ಇಲ್ಲವೆನ್ನುವಂತಿಲ್ಲ, ಹಾಗೆ ಮಾಡುವುದು ಅಪರಾಧ ಎಂದು ನಾನು ಹಲಗೆಯ ಮೇಲೆ ಬರೆದೆ. ಹುಡುಗಿಯರು ತಲೆ ಎತ್ತದೆ ಇಳಿಸಿಕೊಂಡರು. ಅಷ್ಟಕ್ಕೇ ಮುಗಿಯಿತು. ನನಗೆ ಸಮಾಧಾನವಾಗಲಿಲ್ಲ.

"ಬರೇ ಬರಸಿದ್ರ ಹುಡುಗ್ಯಾರಿಗೆ ತಲ್ಯಾಗ ಹೋಗ್ತೈತೇನ್ರಿ?" ಎಂದು ಸಂಜೆ ರೊಟ್ಟಿ ಬಡಿಸುತ್ತ ನಮ್ಮವರನ್ನು ಕೇಳಿದೆ.

"ನಾಟಕ ಮಾಡಸು," ಎಂದರು ಅವರು ಝುಣಕದಲ್ಲಿ ರೊಟ್ಟಿ ಅದ್ದುತ್ತ. "ಮನಿ ಮಾಲಕ ಜಾತಿ ಅಂತ ಬಾಯಿ ಬಿಟ್ಟು ಎಂದೂ ಕೇಳಂಗಿಲ್ಲ. ಯಾವ ಊರು ಅಂತಾನ. ಆ ಊರಾಗ ನಿಮ್ಮ ಓಣಿ ಯಾವುದು ಅಂತಾನ. ಓಣಿ ಗೊತ್ತಾತಂದ್ರ ಎಲ್ಲಾ ಗೊತ್ತಾದಂಗ. 'ಅಯ್ಯ, ನಿನ್ನೇನ ಒಬ್ಬರಿಗೆ ಮಾತು ಕೊಟ್ಟೀನಲ್ಲ' ಅಂತ ಹಲ್ಲು ಕಿಸೀತಾನ."

"ಎಲ್ಲಾ ಗೊತ್ತೈತಿ ನೋಡು ಇವಗ," ಎಂದರು ಅತ್ತೆ ಬಸವಣ್ಣೆವ್ವ, ಒಲೆಯ ಮುಂದಿನಿಂದ.

"ಅದಕ್ಕ ಬಾಡಗಿ ಕೇಳಾಕ ಬಂದಾವ ಏನ್ ಅನಬೇಕು?" ನಮ್ಮವರು ವೇದಿಕೆಯ ಮೇಲಿದ್ದಂತೆಯೇ ಬೆರಳು ಎತ್ತಿದರು. "'ಬಾಡಗಿ ಕೇಳ್ರಿ, ಓಣಿ ಕೇಳಬ್ಯಾಡ್ರಿ' ಅನಬೇಕು!"

ಆಹಾ, ಎಂಥ ಮಾತು! ನನ್ನ ಗಂಡನ ಬುದ್ಧಿಗೆ ನಾನೇ ಹಿಗ್ಗಿಹೋದೆ. ಮರುದಿನ ಆ ಮಾತನ್ನು ತರಗತಿಗೆ ಹೊತ್ತುಕೊಂಡು ಹೋದೆ. ಮಾಲಕನ ಪಾತ್ರಕ್ಕೆ ಎದ್ದು ನಿಂತವಳು ಶೇವಂತಾ. ಎರಡು ಜಡೆಯ, ಕಡ್ಡಿಯಂಥ ಹುಡುಗಿ; ಲೋಂಡಾದಿಂದ ಆ ವರ್ಷವೇ ನಮ್ಮ ಶಾಲೆಗೆ ಬಂದವಳು. ಸೊಂಟದ ಮೇಲೆ ಕೈ ಇಟ್ಟು ಕೇಳತೊಡಗಿದಳು ನೋಡಿ. ಯಾವ ಊರು, ಯಾವ ಓಣಿ, ಮನೆದೇವರು ಯಾವುದು, ಐತವಾರ ಏನು ಅಡಿಗೆ ಮಾಡುತ್ತೀರಿ, ಮನೆಗೆ ಬರುವ ಬೀಗರು ಎಲ್ಲಿಯವರು. ನಾನು ಹೇಳಿಕೊಡದ ಪ್ರಶ್ನೆಗಳೆಲ್ಲ ಅವಳ ಬಾಯಲ್ಲಿ. ಹುಡುಗಿಯರು ಬೆಂಚು ಬಡಿದು ನಕ್ಕರು. ಕೊನೆಗೆ ಎಲ್ಲರೂ ಒಕ್ಕೊರಲಿನಿಂದ "ಬಾಡಗಿ ಕೇಳ್ರಿ, ಓಣಿ ಕೇಳಬ್ಯಾಡ್ರಿ!" ಎಂದು ಕೂಗಿದಾಗ ಬಾಜೂ ತರಗತಿಯ ಮಾಸ್ತರರು ಬಂದು ಇಣುಕಿದರು.

"ಇಷ್ಟೆಲ್ಲಾ ಎಲ್ಲೆ ಕಲ್ತಿ ನೀ?" ಎಂದೆ ಬಿಡುವಿನಲ್ಲಿ.

"ಅಪ್ಪನ ಜೋಡಿ ಮನಿ ಹುಡಕಾಕ ಹೋಗ್ತೀನಲ್ರಿ ಅಕ್ಕಾರ," ಎಂದಳು ಸಹಜವಾಗಿ.

ಅವಳ ಅಪ್ಪ ಸಿದರಾಯ ರೇಲ್ವೆಯ ಪಾರ್ಸಲ್ ಆಫೀಸಿನಲ್ಲಿ ಕಾರಕೂನ. ಲೋಂಡಾದಲ್ಲಿ ರೇಲ್ವೆ ಮನೆ ಇತ್ತು. ಬೆಳಗಾವಿಗೆ ವರ್ಗವಾದ ಮೇಲೆ ಇಲ್ಲಿ ಅದು ಸಿಕ್ಕಿರಲಿಲ್ಲ. ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಅವಳ ಕಾಕನ ಒಂದೇ ಖೋಲಿಯಲ್ಲಿ ಎರಡು ಸಂಸಾರ. ಗಂಡಸರು ಮನೆಯಲ್ಲಿದ್ದಾಗ ಈ ಹುಡುಗಿ ಹೊರಗೆ ಮೆಟ್ಟಿಲ ಮೇಲೆ ಕುಳಿತು ಓದಬೇಕು. ಅವರು ಹೊಲಗೇರಿಯವರು, ಅದಕ್ಕೇ ಎಲ್ಲಿ ಹೋದರೂ ಓಣಿಯ ಮಾತು ಬಂದಕೂಡಲೇ ಮನೆ ಕೈತಪ್ಪುತ್ತಿತ್ತು.

"ನಮ್ಮ ಹಿತ್ತಲ ಖೋಲಿ ಖಾಲಿ ಐತಿ. ಅಪ್ಪನ್ನ ಕರಕೊಂಡು ಬಾ," ಎಂದೆ.

ಹುಡುಗಿ ನನ್ನ ಮುಖವನ್ನೇ ನೋಡಿದಳು. "ಖರೇನ್ರಿ ಅಕ್ಕಾರ?"

"ಖರೇನ."

ಮನೆಯಲ್ಲಿ ಹೇಳಿದೆ. ಅತ್ತೆ ಪುಂಡಿಪಲ್ಯದ ಗಡಿಗೆಯನ್ನು ಠಪ್ಪೆಂದು ಕೆಳಗಿಟ್ಟರು.

"ಹಿತ್ತಲಾಗ ನಳಾ ಇರೂದ ಒಂದು. ನಾ ಅಲ್ಲಿಂದ ಪೂಜಿಗೆ ನೀರು ತರ್ತೀನಿ. ನೆಪ್ಪೈತಿಲ್ಲೋ ನಿಂಗ?"

"ಅವರೂ ನೀರ ಕುಡೀತಾರ ಅತ್ತೀ. ನಳಾ ಕಚ್ಚಂಗಿಲ್ಲ."

"ಸಾಲಿ ಮಾತು ಸಾಲ್ಯಾಗ ಇಡು. ಗಲ್ಲಿಯವರು ಬಂದು ನನ್ನ ಕೇಳತಾರ, ನಿನ್ನ ಕೇಳಂಗಿಲ್ಲ."

ನಮ್ಮವರು ಕೈ ತೊಳೆದು ಎದ್ದರು. "ಅವ್ವಾ, ದಿನಾ ಲಿಂಗಾ ಪೂಜಾ ಮಾಡ್ತಿ. ಬಸವಣ್ಣನವರು ಯಾರನ್ನ ಹೊರಗ ಹಾಕಿದ್ರು, ಹೇಳು? ಆ ಮಂದಿ ಬರಲಿ. ನಾನ ಹೇಳಾಕತ್ತೀನಿ."

ಅತ್ತೆ ಮಗನ ಮಾತು ಮೀರುವವರಲ್ಲ. ಗೊಣಗುತ್ತ ಒಳಗೆ ಹೋದರು. ನನಗೋ ಆಕಾಶ ಮೂರೇ ಗೇಣು!

ಆದರೂ ಅತ್ತೆಯ ಮೇಲೆ ನನಗೆ ಭರವಸೆ ಇರಲಿಲ್ಲ. ಅವರನ್ನು ಕಟ್ಟಿಹಾಕುವ ಉಪಾಯ ನನಗೆ ಗೊತ್ತಿತ್ತು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದರೆ ಆ ಮನೆ ಉಕ್ಕಿಸಿದವರದು. ಅವರಾಗಿ ಬಿಟ್ಟು ಹೋಗುವ ತನಕ ಅವರನ್ನು ಎಬ್ಬಿಸುವುದು ಪಾಪವೆಂದು ಅತ್ತೆ ಅಪ್ಪಟವಾಗಿ ನಂಬಿದವರು. ಸಿದರಾಯನಿಗೆ ರಜೆ ಸಿಗಲು ಇನ್ನೂ ಕೆಲವು ದಿನ ಬೇಕಿತ್ತು. ಸಾಮಾನು ಆಮೇಲೆ ತಂದರಾಯಿತು, ಹಾಲನ್ನು ದೀಪಾವಳಿಯ ಪಾಡ್ಯದಂದೇ ಉಕ್ಕಿಸಿಬಿಡಿ ಎಂದು ನಾನೇ ದುಂಬಾಲು ಬಿದ್ದೆ.

ಬಂದರು. ಸಿದರಾಯ ತೊಳೆದ ಖಾಕಿ ಅಂಗಿ ತೊಟ್ಟಿದ್ದ. ಅವನ ಹೆಂಡತಿ ದುರಗವ್ವ ಹೊಸ ಪಾತೇಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದಳು. ಹಿತ್ತಲ ಖೋಲಿಯ ಒಲೆ ಹೊತ್ತಿಸಿದರು. ಶೇವಂತಾ ಗೋಡೆಯ ಗೂಡನ್ನು ಅಂಗೈಯಿಂದ ಒರೆಸಿ, "ಇಲ್ಲೆ ನನ್ನ ಪುಸ್ತಕ ಇಡ್ತೀನ್ರಿ ಅಕ್ಕಾರ," ಎಂದಳು. ಅತ್ತೆ ಬಾಗಿಲ ಹೊರಗೆ, ಮುಖ ಆಚೆ ತಿರುಗಿಸಿ ನಿಂತಿದ್ದರು. ಆದರೆ ಹಾಲು ಉಕ್ಕುವ ಹೊತ್ತಿಗೆ ಕಣ್ಣು ಪಾತೇಲಿಯ ಮೇಲೇ ಇತ್ತು.

"ಮೂಡಣ ಕಡೆ ಉಕ್ಕೇತಿ," ಎಂದರು ತಮಗೆ ತಾವೇ. ಆಮೇಲೆ ಬಿಗಿಯಾಗಿಯೇ, "ಛಲೋ ಆತು. ಇನ್ನ ಆ ಒಲಿ ನಿಮ್ಮದು. ಸ್ವಚ್ಛ ಇಟಗೋರಿ," ಎಂದರು.

ನಮ್ಮವರು ಸಕ್ಕರೆ ಹಾಕಿದ ಆ ಹಾಲನ್ನು ಕುಡಿದು ಸಿದರಾಯನ ಹೆಗಲ ಮೇಲೆ ಕೈ ಇಟ್ಟು, "ನಿಮ್ಮದ ಮನಿ ಅಂತ ತಿಳೀರಿ," ಎಂದರು. ಸಿದರಾಯ ಕೈ ಮುಗಿದ.

ಅದರ ಮರುದಿನವೇ ಖಾನಾಪುರದಿಂದ ಸುದ್ದಿ ಬಂತು. ನಮ್ಮ ಅವ್ವ ಮಲಪ್ರಭೆಯ ಘಾಟಿನ ಮೆಟ್ಟಿಲ ಮೇಲೆ ಜಾರಿ ಕೈ ಮುರಿದುಕೊಂಡಿದ್ದಳು. ಶಾಲೆಗೆ ಹೇಗೂ ರಜೆ. ಬಸ್ಸು ಹಿಡಿದು ಹೊರಟೆ.

ಖಾನಾಪುರದಲ್ಲಿ ಅವ್ವನಿಗೆ ತುತ್ತು ಉಣಿಸುತ್ತ, ಅಣ್ಣ ದುಂಡಪ್ಪನಿಗೆ ಗದ್ದೆಗೆ ಬುತ್ತಿ ಕಟ್ಟುತ್ತ ನನ್ನ ಬಾಯಲ್ಲಿ ಬರೀ ಗಂಡನ ಗುಣಗಾನ.

"ಭಾವಾರು ಭಾಷಣದಾಗಷ್ಟ ಶೂರರು ಅಂತ ತಿಳಕೊಂಡಿದ್ದೆ ನಾ," ಎಂದು ಅಣ್ಣ ಚೇಷ್ಟೆ ಮಾಡಿದ.

"ನಾಲಿಗಿ ಬಿಗಿ ಹಿಡಿ. ನೀ ಒಬ್ಬರಿಗರೆ ಹಿಂಗ ಮನಿ ಕೊಟ್ಟೀಯೇನು?"

"ನಿಮ್ಮ ಅತ್ತಿ ಒಪ್ಪಿದಳೇನ ಕಾಂತಾ?" ಎಂದಳು ಅವ್ವ.

"ಹಾಲು ಉಕ್ಕಿಸಿ ಬಂದೀನಿ ಬೇ. ಇನ್ನೇನ ಮಾಡ್ತಾರ ಅವರು?" ಎಂದು ನಕ್ಕೆ. ಎಂಥ ಜಾಣೆ ನಾನು! ಮನೆಯಲ್ಲಿ ಯಾರನ್ನು ಕಟ್ಟಿಹಾಕಬೇಕಿತ್ತು ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

ರಜೆ ಮುಗಿಯುವ ಹೊತ್ತಿಗೆ ಬೆಳಗಾವಿಗೆ ಮರಳಿದೆ. ಹಿತ್ತಲ ತಂತಿಯ ಮೇಲೆ ಗುರುತಿಲ್ಲದ ಸೀರೆ ಒಣಗುತ್ತಿತ್ತು. ಖೋಲಿಯ ಬಾಗಿಲಲ್ಲಿ ಕುಳಿತು ಯಾವಳೋ ಅಕ್ಕಿ ಆರಿಸುತ್ತಿದ್ದಳು. ಜಯಂತಿ ಕಮಿಟಿಯ ಅಧ್ಯಕ್ಷ ಈರಯ್ಯನವರ ತಮ್ಮನ ಸೊಸೆಯಂತೆ. ನಾನು ಚೀಲ ಕೈಯಲ್ಲಿ ಹಿಡಿದೇ ನಿಂತೆ.

ನಮ್ಮವರು ನನ್ನನ್ನು ನಡುಮನೆಗೆ ಕರೆದು ಕೂಡಿಸಿದರು. ಮುಂದೆ ಸಿಹಿ ಕುಂದಾದ ಡಬ್ಬಿ ಇಟ್ಟರು.

"ಏನ ಹೇಳಲಿ ಕಾಂತಾ. ಅವ್ವ ಕೇಳಲಿಲ್ಲ. ಊಟಾ ಬಿಟ್ಟು ಕುಂತಳು. ವಯಸ್ಸಾದಾಕಿ, ಏನರೆ ಹೆಚ್ಚುಕಮ್ಮಿ ಆದ್ರ? ಬಾಜೂ ಮನಿಯವರನ್ನ ಕೇಳು ಬೇಕಾದ್ರ."

"ಮತ್ತ ಸಿದರಾಯಗ?"

"ನಾನ ಸ್ಟೇಶನ್ನಿಗೆ ಹೋಗಿ ಕೈಮುಗದು ಹೇಳಿ ಬಂದೀನಿ. ಪಾಪ, ತಿಳಕೊಂಡಾ. ನೀ ಮತ್ತ ಹೋಗಿ ಆ ಗಾಯ ಕೆದರಬ್ಯಾಡ."

ಬಾಜೂ ಮನೆಯ ಅಕ್ಕವ್ವನನ್ನು ಕೇಳಿದೆ. "ಹೌದವ್ವಾ, ನಿಮ್ಮ ಅತ್ತಿ ಅನ್ನಾ ಮುಟ್ಟಲಿಲ್ಲ, ನಾವೆಲ್ಲಾ ಹೇಳಿ ಹೇಳಿ ಸಾಕಾದ್ವಿ," ಎಂದಳು. ಮುಗಿಯಿತಲ್ಲ! ನೇರ ಅಡಿಗೆಮನೆಗೆ ನುಗ್ಗಿದೆ.

"ಹಾಲು ಉಕ್ಕಿದ ಒಲಿ ನಿಮ್ಮದು ಅಂತ ನೀವ ಅಂದ್ರಲ್ಲ ಅತ್ತೀ! ಆ ಹುಡುಗಿ ಮಾರಿ ಹೆಂಗ ನೋಡ್ಲಿ ನಾ? ಇನ್ನ ಯಾವ ಬಾಯಿಲೆ ಲಿಂಗಾ ಪೂಜಾ ಮಾಡ್ತೀರಿ?"

ಅತ್ತೆ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದರು. ನನ್ನ ಹಿಂದೆ ಬಂದು ನಿಂತಿದ್ದ ಮಗನನ್ನು ಒಮ್ಮೆ ನೋಡಿದರು. ಏನೂ ಅನ್ನದೆ ಮತ್ತೆ ನಾದತೊಡಗಿದರು. ಆ ಮೌನ ನನ್ನ ಮೈಯನ್ನು ಇನ್ನಷ್ಟು ಉರಿಸಿತು.

ಅಂದಿನಿಂದ ಅವರೊಡನೆ ಮಾತು ಬಿಟ್ಟೆ. ತಾಟು ಮುಂದೆ ತಳ್ಳುತ್ತಿದ್ದೆ, ಅಷ್ಟೇ. ಚಳಿ ಹೆಚ್ಚಿ ಅವರು ಕೆಮ್ಮಿದರೂ ಬಿಸಿನೀರು ಕಾಸಿ ಕೊಟ್ಟವಳು ನಾನಲ್ಲ. ವಿಚಿತ್ರವೆಂದರೆ ಅವರು ಹಿತ್ತಲ ನಳಕ್ಕೆ ಹೋಗುವುದನ್ನೇ ಬಿಟ್ಟು, ಪೂಜೆಯ ನೀರನ್ನು ಅಕ್ಕವ್ವನ ಮನೆಯಿಂದ ತರುತ್ತಿದ್ದರು. ಒಮ್ಮೆ ಹಿತ್ತಲ ಖೋಲಿಯವಳು ಹೋಳಿಗೆ ತಂದುಕೊಟ್ಟಳು. ಅತ್ತೆ ಮುಟ್ಟಲಿಲ್ಲ.

"ಈರಯ್ಯನವರ ಮಂದಿನೂ ಸಾಲಂಗಿಲ್ಲೇನು ನಿಮಗ? ಇನ್ನ ಎಂಥಾ ಜಾತಿ ಬೇಕು?" ಎಂದು ಚುಚ್ಚಿದೆ. ಅತ್ತೆ ತಂಬಿಗೆ ಎತ್ತಿಕೊಂಡು ಅಕ್ಕವ್ವನ ಮನೆಗೆ ಹೊರಟರು.

ಶಾಲೆಯಲ್ಲಿ ಶೇವಂತಾ ಮುಂದಿನ ಬೆಂಚಿನಿಂದ ಹಿಂದಿನದಕ್ಕೆ ಹೋಗಿ ಕುಳಿತಿದ್ದಳು. "ನಮ್ಮ ಮನ್ಯಾಗ ಸ್ವಲ್ಪ ತೊಂದರಿ ಆತು ಶೇವಂತಾ," ಎಂದು ಶುರುಮಾಡಿದೆ. "ಇರಲ್ರಿ ಅಕ್ಕಾರ," ಎಂದು ಪಾಟಿಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಜನವರಿಯಲ್ಲಿ ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನ. ನಮ್ಮ ತರಗತಿಯ ನಾಟಕ ಚೆನ್ನಾಗಿದೆ, ಅದನ್ನೇ ಆಡಿಸಿ ಎಂದರು ಮುಖ್ಯೋಪಾಧ್ಯಾಯಿನಿ ರತ್ನಮಾಲಾಬಾಯಿ. "ಸಮಾನತೆ ಮ್ಯಾಲ ಮಾತಾಡಾಕ ನಿಮ್ಮ ಯಜಮಾನರ ಬರಲಿ. ಅವರಗಿಂತ ಛಲೋ ಯಾರು ಮಾತಾಡ್ತಾರ?" ನನಗೂ ಹೆಮ್ಮೆಯೇ ಆಯಿತು. ಮಾಲಕನ ಪಾತ್ರಕ್ಕೆ ಬೇರೆಯವಳನ್ನು ನೋಡಲೇ ಎಂದು ಶೇವಂತಾಳನ್ನು ಕೇಳಿದೆ. "ನಾನ ಮಾಡ್ತೀನ್ರಿ," ಎಂದಳು.

ನಮ್ಮವರು ವೇದಿಕೆಯ ಬಾಜೂ ಕುರ್ಚಿಯಲ್ಲಿ, ಕೊರಳಲ್ಲಿ ಹಾರ ಹಾಕಿಕೊಂಡು ಕುಳಿತಿದ್ದರು. ನಾನು ಪರದೆಯ ಹಿಂದೆ. ರುಮಾಲು ಸುತ್ತಿ, ಇದ್ದಿಲಿನ ಮೀಸೆ ಬರೆದುಕೊಂಡ ಶೇವಂತಾ ಊರು ಕೇಳಿದಳು, ಓಣಿ ಕೇಳಿದಳು. ಬಾಡಿಗೆಯವನ ವೇಷದ ಹುಡುಗಿ "ಬಾಡಗಿ ಕೇಳ್ರಿ, ಓಣಿ ಕೇಳಬ್ಯಾಡ್ರಿ!" ಎಂದಳು. ಜನ ಚಪ್ಪಾಳೆ ತಟ್ಟಿದರು. ಇಲ್ಲಿ ಮಾಲಕ ನಾಚಿ ಕೀಲಿ ಕೊಡಬೇಕು, ನಾಟಕ ಮುಗಿಯಬೇಕು. ಶೇವಂತಾ ಕೀಲಿ ಕೊಡಲಿಲ್ಲ. ಬಾಡಿಗೆಯವನ ಹೆಗಲ ಮೇಲೆ ಕೈ ಇಟ್ಟಳು.

"ನಂದೇನೂ ತಕರಾರಿಲ್ಲರಿ. ನಾ ಜಾತಿ ನಂಬಾವನ ಅಲ್ಲ. ಖರೇ ಹೇಳ್ಬೇಕಂದ್ರ ನಮ್ಮ ಮನಿಯಾಕಿ ಒಲ್ಲೆ ಅಂತಾಳ. ಸಾಲ್ಯಾಗ ಪಾಠಾ ಹೇಳಾಕಿ, ನಿಮ್ಮ ಮುಂದ ಬಾಯಿ ಬಿಟ್ಟು ಹೇಳಾಕ ನಾಚಿಕಿ ಆಕಿಗೆ. ಅದಕ್ಕ ತವರಿಗೆ ಹೋಗಿ ಕುಂತಾಳ."

ಇಡೀ ಸಭೆ ಗೊಳ್ಳೆಂದು ನಕ್ಕಿತು. ನಾನು ಪರದೆಯ ಸಂದಿಯಿಂದ ನಮ್ಮವರನ್ನು ನೋಡಿದೆ. ಅವರು ಮಾತ್ರ ನಗಲಿಲ್ಲ. ಹಾರದ ಹೂವನ್ನು ಕಿತ್ತು ಕಿತ್ತು ನೆಲಕ್ಕೆ ಹಾಕುತ್ತಿದ್ದರು.

ಶೇವಂತಾ ಆಮೇಲೆ ಕೀಲಿ ಕೊಟ್ಟಳು. ಪರದೆ ಬಿತ್ತು. ಅವಳನ್ನು ಹಿಡಿದು ನಿಲ್ಲಿಸಿದೆ.

"ಆ ಮಾತು ಎಲ್ಲಿಂದ ತಂದಿ?"

"ನಿಮ್ಮ ಯಜಮಾನರು ಸ್ಟೇಶನ್ನಿಗೆ ಬಂದು ಅಪ್ಪಗ ಹಂಗ ಹೇಳಿದ್ರಲ್ರಿ." ಮೀಸೆ ಒರೆಸಿಕೊಳ್ಳುತ್ತ ಹುಡುಗಿ ಹಿಂದೆ ಸರಿದಳು. "ನೀವ ಒಲ್ಲೆ ಅಂದ್ರಿ ಅಂತ. ಸಿಟ್ಟಾದ್ರೇನ್ರಿ ಅಕ್ಕಾರ?"

ಅಷ್ಟರಲ್ಲಿ ಪರದೆಯ ಆಚೆ ನಮ್ಮವರ ಭಾಷಣ ಶುರುವಾಯಿತು. ಸುಳ್ಳು ಹೇಳಬಾರದು, ಅಂದು ಅವರು ಎಂದಿಗಿಂತ ಚೆನ್ನಾಗಿ ಮಾತನಾಡಿದರು.

ಮನೆಗೆ ಬಂದವರೇ ಊಟಕ್ಕೆ ಕುಳಿತರು. ನಾನು ತಾಟು ಹಾಕಲಿಲ್ಲ.

"ಹಸಿವಾಗೇತಿ ಕಾಂತಾ."

"ನಾ ಒಲ್ಲೆ ಅಂದ್ನೇನು? ನಾಚಿ ತವರಿಗೆ ಓಡಿಹೋದ್ನೇನು?"

"ಸಣ್ಣ ಹುಡುಗಿ, ಏನೋ ಅಂತೈತಿ..."

"ಹುಡುಗಿ ಸುದ್ದಿ ತಗೀಬ್ಯಾಡ್ರಿ! ನಿಮ್ಮ ಸುದ್ದಿ ಹೇಳ್ರಿ. ನನ್ನ ಮುಂದ ಅತ್ತಿ ಹೆಸರು ಹೇಳಿದ್ರಿ, ಸಿದರಾಯನ ಮುಂದ ನನ್ನ ಹೆಸರು ಹೇಳಿದ್ರಿ. ನಿಮ್ಮ ಹೆಸರು ಎಲ್ಲಿ ಹೋತು?"

ಅವರು ಧೋತರದ ಚುಂಗು ಸರಿಮಾಡಿಕೊಂಡರು. "ಈರಯ್ಯ ಬಂದು ಕುಂತಿದ್ದಾ. ಆ ಮಂದೀನ ಇಟಗೊಂಡ್ರ ಮುಂದಿನ ಜಯಂತಿಗೆ ವೇದಿಕಿ ಮ್ಯಾಲ ಕಾಲ ಇಡಬ್ಯಾಡ ಅಂದಾ. ಸಮಾಜದಾಗ ಇರಬೇಕಲ್ಲ ನಾವು? ನಾ ಒಬ್ಬಾಂವ ಏನ ಮಾಡ್ಲಿ? ಅಲ್ಲದ ಅವ್ವಾನೂ ಊಟಾ ಬಿಟ್ಟಿದ್ದು ಸುಳ್ಳೇನು?"

"ಸುಳ್ಳಲ್ಲ."

ಅಂದವರು ಅತ್ತೆ. ಗೋಡೆ ಹಿಡಿದು ಎದ್ದು ನಿಂತಿದ್ದರು.

"ಊಟಾ ಬಿಟ್ಟಿದ್ದು ಖರೇ. ಒಬ್ಬರ ಹಾಲು ಉಕ್ಕಿದ ಒಲಿ ಮ್ಯಾಲ ಇನ್ನೊಬ್ಬರ ಗಡಗಿ ಇಡಸ್ತಿ, ಬ್ಯಾಡೋ, ಅವರನ್ನ ಕರಕೊಂಡು ಬಾ ಅಂತ ಬಿಟ್ಟಿದ್ದೆ. ನೀ ಕೇಳಲಿಲ್ಲ. ಕಾಂತಾಗ ಏನೂ ಹೇಳಬ್ಯಾಡ, ನನ್ನ ಮಾನಾ ಹೋಗ್ತೈತಿ ಅಂತ ನನ್ನ ಕಾಲು ಹಿಡದಿ. ಹಡದಾಕಿ, ಬಾಯಿ ಮುಚಗೊಂಡೆ. ಇಷ್ಟು ದಿನಾ ಆಕಿ ಕಡಿಂದ ಬೈಸಿಕೊಂಡೆ. ಇನ್ನ ಆಗಂಗಿಲ್ಲ ನೋಡಪಾ."

ನಾನು ಅತ್ತೆಯ ಕಾಲು ಮುಟ್ಟಲು ಹೋದರೆ "ಏಳು, ನನ್ನ ಕಾಲ್ಯಾಕ ಹಿಡೀತಿ," ಎಂದು ತಾವೇ ಎಬ್ಬಿಸಿದರು. ನಮ್ಮವರು ತಾವೇ ತಾಟು ಹಾಕಿಕೊಂಡು, ತಣ್ಣಗಿನ ರೊಟ್ಟಿ ಮುರಿದು ತಿಂದರು.

ಮರುದಿನ ಐತವಾರ. ಅತ್ತೆ ತಾವೇ ಸೀರೆ ಬದಲಿಸಿ ಹೊರಟು ನಿಂತರು. ಇಬ್ಬರೂ ಕ್ಯಾಂಪಿಗೆ ಹೋದೆವು. ಚರ್ಚಿನ ಹಿಂದೆ, ಒಂದು ಬಂಗಲೆಯ ಆಳುಗಳ ಸಾಲುಮನೆಯಲ್ಲಿ ಆ ಖೋಲಿ. ಶೇವಂತಾ ಹೊರಗೆ ಮೆಟ್ಟಿಲ ಮೇಲೆ ಪುಸ್ತಕ ಇಟ್ಟುಕೊಂಡು ಕುಳಿತಿದ್ದಳು. ನಮ್ಮನ್ನು ಕಂಡು ದುರಗವ್ವ ಗಡಬಡಿಸಿ ಕಂಬಳಿ ಹಾಸಿದಳು. ಸಿದರಾಯ ಡ್ಯೂಟಿಗೆ ಹೋಗಿದ್ದ.

"ಒಲ್ಲೆ ಅಂದಾಕಿ ನಾನಲ್ಲ ದುರಗವ್ವಾ," ಎಂದೆ. "ನಂಗ ಗೊತ್ತ ಇರಲಿಲ್ಲ. ನಮ್ಮವರು ನನ್ನ ಹೆಸರ ಹೇಳಿ ನಿಮಗೂ ಮೋಸಾ ಮಾಡಿದ್ರು, ನಂಗೂ ಮೋಸಾ ಮಾಡಿದ್ರು."

"ನಾನೂ ಒಲ್ಲೆ ಅಂದಿಲ್ಲವ್ವಾ," ಎಂದರು ಅತ್ತೆ.

ದುರಗವ್ವ ಇಬ್ಬರನ್ನೂ ನೋಡಿದಳು. ಸಿಟ್ಟಿನಿಂದಲ್ಲ. ಛಾದ ಕಪ್ಪುಗಳನ್ನು ನಮ್ಮ ಮುಂದೆ ಇಟ್ಟು, ತಾನು ಹೊಸ್ತಿಲ ಹತ್ತಿರ ಕುಳಿತಳು.

"ಯಾರ ಒಲ್ಲೆ ಅಂದ್ರ ಏನ್ರಿ ಅಕ್ಕಾರ, ಬಾಗಲಾ ನಿಮ್ಮ ಮನೀದ ಅಲ್ಲೇನ್ರಿ? ಛಾ ಆರತೈತಿ, ತಗೋರಿ."

ಅತ್ತೆ ಛಾ ಕುಡಿದರು. ನಾನೂ ಕುಡಿದೆ. ಈರಯ್ಯನವರ ಮಂದಿಯನ್ನು ಬಿಡಿಸುತ್ತೇವೆ, ನೀವು ಬನ್ನಿ ಎಂದು ಅತ್ತೆ ಎರಡು ಸಲ ಕರೆದರು. ದುರಗವ್ವ ಬರುತ್ತೇವೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. "ಮತ್ತ ಲೋಂಡಾಕ್ಕ ವರ್ಗಾ ಕೇಳ್ಯಾರ್ರಿ ಇವರು. ಅಲ್ಲಿ ರೇಲ್ವೆ ಮನಿ ಐತಿ. ಪರೀಕ್ಷಾ ಮುಗದ ಮ್ಯಾಲ ಹೋಗ್ತೀವಿ," ಎಂದಳು.

ಹೊರಡುವಾಗ ಶೇವಂತಾ ಮೆಟ್ಟಿಲಿಂದ ಎದ್ದು ನಮಗೆ ದಾರಿ ಬಿಟ್ಟಳು. ಒಳಗಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಅವಳು ಏನಾದರೂ ಅನ್ನಲಿ, ಬೈಯಲಿ, ಅಳಲಿ ಎಂದು ನಾನು ನಿಂತೆ. ಪೌರನೀತಿಯ ಪುಸ್ತಕ ಅವಳ ಕೈಯಲ್ಲಿತ್ತು.

"ಅಕ್ಕಾರ," ಎಂದಳು, ತರಗತಿಯಲ್ಲಿ ಕೇಳುವಷ್ಟೇ ವಿನಯದಿಂದ. "ಆ ಮನೀ ಪಾಠಾ ಪರೀಕ್ಷಾಕ್ಕ ಬರತೈತೇನ್ರಿ?"

"ಬರತೈತಿ," ಎಂದೆ.

"ಹಂಗಾರ ಬಾಯಿಪಾಠಾ ಮಾಡ್ತೀನ್ರಿ," ಎಂದು ಮತ್ತೆ ಮೆಟ್ಟಿಲ ಮೇಲೆ ಕುಳಿತಳು.